ಡಿಫ್ರೆನ್ಸಿಗೆ ಬಾಳೆಹಣ್ಣು

ನಮ್ಮ ಪಿಕಪ್ ಗಾಡಿಗೆ ಪೀಡೆ ಹಿಡಿದಿತ್ತು ಅಂತ ಊರಲ್ಲಿ ಈಗಲೂ ಹೇಳುವವರಿದ್ದಾರೆ. ಪೀಡೆಯೂ ಇಲ್ಲ, ಮಣ್ಣೂ ಇಲ್ಲ. ನನ್ನ ಸೋದರಮಾವ ಅದರ ಹೊಟ್ಟೆಗೆ ಬಾಳೆಹಣ್ಣು ತುರುಕಿದ್ದ. ನಡೆದದ್ದು ಇಷ್ಟೇ.

ಆಗೆಲ್ಲ ತಮಿಳು ಸೀಮೆಯ ಚಿನ್ನಮನೂರಿನ ಸುತ್ತಲ ಹಳ್ಳಿಗಳ ಹೆಂಗಸರು ಏಲಕ್ಕಿ ಕೀಳಲು ಬೆಟ್ಟಕ್ಕೆ ಹೋಗುತ್ತಿದ್ದರು. ಹೊತ್ತು ಹುಟ್ಟುವ ಮುಂಚೆ ಗಾಡಿ ಬೀದಿಯಲ್ಲಿ ಬಂದು ನಿಲ್ಲುತ್ತಿತ್ತು. ಐದನೇ ಕ್ಲಾಸಿಗೆ ನನ್ನ ಓದು ಮುಗಿದಿತ್ತು. ಆ ಕೊಯ್ಲಿಗೆ ಅವ್ವನ ಜೊತೆ ನಾನೂ ಹತ್ತಿದೆ. ತೂಗುಹಿಡಿಯ ಡಬ್ಬಿ ತೂಕುವಾಳಿಯಲ್ಲಿ ಸಜ್ಜೆ ಗಂಜಿ, ಸಣ್ಣ ಈರುಳ್ಳಿ. ಒದ್ದೆ ಗೋಣಿಯ ನಾತ, ಡೀಸೆಲ್ಲಿನ ನಾತ, ಸಂಜೆ ಬರುವಾಗ ಎಲ್ಲರ ಕೈಯಲ್ಲೂ ಹಸಿ ಏಲಕ್ಕಿಯ ಘಮ. ನಾವು ಹುಡುಗಿಯರು ಕಣ್ಣು ಮುಚ್ಚಿಕೊಂಡು, ಎದುರಿಗೆ ಬರುವುದು ಲಾರಿಯೋ ಬಸ್ಸೋ ಜೀಪೋ ಅಂತ ಸದ್ದಿನಲ್ಲೇ ಹೇಳುವ ಆಟ ಆಡುತ್ತಿದ್ದೆವು. ತಪ್ಪಿದವಳ ಬೆನ್ನಿಗೆ ಗುದ್ದು.

ಗಾಡಿ ಅಪ್ಪನದು, ಓಡಿಸುವವನೂ ಅಪ್ಪನೇ. ಹಿಂದಿನ ಎರಡು ಚಕ್ರಗಳ ನಡುವೆ, ಅಡಿಯಲ್ಲಿ, ಕುಂಬಳಕಾಯಿಯಂಥ ಕಬ್ಬಿಣದ ಉಂಡೆಯೊಂದಿರುತ್ತದೆ. ಎಂಜಿನ್ನಿನ ತಿರುಗಾಟ ಅಲ್ಲಿಗೆ ಬಂದು ಚಕ್ರಗಳಿಗೆ ಹಂಚಿಕೆಯಾಗುತ್ತದೆ. ಅದನ್ನು ಡಿಫರೆನ್ಷಿಯಲ್ ಅನ್ನುತ್ತಾರೆ. ನಮ್ಮ ಬಾಯಲ್ಲಿ ಡಿಫ್ರೆನ್ಸ್. ಆ ವರ್ಷ ಅದರೊಳಗಿನ ಹಲ್ಲು ಮುರಿಯಿತು. ಕಂಪನಿ ಸಾಮಾನು ಬರಲು ತಡವಾಗುತ್ತದೆ ಅಂತ ರಂಗಮಾಮ ದಿಂಡಿಗಲ್ಲಿನಿಂದ ಡೂಪ್ಲಿಕೇಟ್ ಗೇರು ತಂದ. ಅವ್ವನ ತಮ್ಮ ಅವನು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವನೇ. ಲಾರಿಯಲ್ಲಿ ಕ್ಲೀನರ್ ಆಗಿದ್ದವನು, ಎಲ್ಲ ಬಲ್ಲೆ ಅನ್ನುವವನು. ಬೇವಿನ ಮರದಡಿ ಗಾಡಿ ಎತ್ತಿ ನಿಲ್ಲಿಸಿ ತಾನೇ ಜೋಡಿಸಿದ.

ಮೊದಲ ದಿನ ಬೆಟ್ಟ ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಅಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಅಡಿಯಿಂದ ಊಂ ಅಂತ ಶುರುವಾಯಿತು. ತಿರುವು ತಿರುವಿಗೂ ಏರುತ್ತಾ ಹೋಗಿ, ಕರು ಕಾಣದ ಹಸುವಿನ ಹಾಗೆ ಕೂಗಿತು.

ಹೆಂಗಸರಲ್ಲಿ ಹಿರಿಯಳಾದ ವೀರಮ್ಮತ್ತೆ ಕೇಳಿದಳು: “ಏ ರಂಗಾ, ಇದೇನ್ಲಾ, ಗಾಡಿಗೆ ಹೆರಿಗೆ ನೋವಾ?”

“ಹೊಸ ಹಲ್ಲತ್ತೇ, ತೇಯ್ದ್ರೆ ಸರಿಹೋಗ್ತದೆ. ಬಾಯಲ್ಲಿ ಹಲ್ಲೇ ಇಲ್ದೋರ್ಗೆ ಏನ್ ಗೊತ್ತು!”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ದಿನ ಹೋದಂತೆ ಕೂಗು ಜಾಸ್ತಿಯೇ ಆಯಿತು. ಒಂದು ದಿನ ಅಪ್ಪ ನನ್ನನ್ನು ಕರೆದ. “ಪಾಪಾ, ಹಿಂದೆ ಹಲಗೆಗೆ ಕಿವಿ ಇಟ್ಟು ಮಲ್ಕೋ. ಕೂಗಿದ್ರೆ ಗುದ್ದು. ನಿಂತ್ರೆ ಸುಮ್ನಿರು.”

ಹಲಗೆಯ ಮೇಲೆ ಕವುಚಿ ಮಲಗಿದೆ. ಅಪ್ಪ ಡಾಂಬರಿನ ಮೇಲೆ ಓಡಿಸಿದ, ಮಣ್ಣಿನ ಮೇಲೆ ಓಡಿಸಿದ. ಟೈರಿನದಾದರೆ ರಸ್ತೆ ಬದಲಾದಾಗ ಸದ್ದೂ ಬದಲಾಗಬೇಕು. ಬದಲಾಗಲಿಲ್ಲ. ಬೇರಿಂಗಾದರೆ ಕಾಲು ಇಟ್ಟರೂ ತೆಗೆದರೂ ಒಂದೇ ಸಮ ಗರಗರ ಅನ್ನಬೇಕು. ಅನ್ನಲಿಲ್ಲ. ಕಾಲು ಒತ್ತಿದಾಗ ಮೌನ. ತೆಗೆದ ಕೂಡಲೇ ಹಲಗೆ ನನ್ನ ದವಡೆಯೊಳಗೇ ಅದುರುತ್ತಿತ್ತು. ಗುದ್ದಿ ಗುದ್ದಿ ಮುಷ್ಟಿ ಕೆಂಪಾಯಿತು.

ಅಪ್ಪ ಇಳಿದು ಬಂದು ಮಾಮನಿಗೆ ಹೇಳಿದ: “ಹಲ್ಲಿಗೆ ಹಲ್ಲು ಸರಿಯಾಗಿ ಕಚ್ತಿಲ್ಲ ಮಚ್ಚಾ. ಭಾನುವಾರ ಬಿಚ್ಚಾಣ. ಕುಂಕುಮ ಎಣ್ಣೇಲಿ ಕಲಸಿ ಹಲ್ಲಿಗೆ ಹಚ್ಚಿ ತಿರುಗ್ಸಿದ್ರೆ, ಎಲ್ಲಿ ಉಜ್ತದೋ ಅಲ್ಲಿ ಅಳಿಸೋಗ್ತದೆ. ಗೊತ್ತಾಗ್ತದೆ.”

“ಅಲ್ಲಿವರ್ಗೆ ಅದು ಮುರಿದ್ರೆ?” ಅಂದಳು ಅವ್ವ.

ಉತ್ತರ ಕೊಟ್ಟವನು ರಂಗಮಾಮ. ತನ್ನ ಜಾಣತನ ತೋರಿಸಲು. “ಮುರಿದ್ರೆ ಗೇರೂ ಹಿಡಿಯಲ್ಲ, ಹ್ಯಾಂಡ್ ಬ್ರೇಕೂ ಹಿಡಿಯಲ್ಲ ಅಕ್ಕಾ. ಈ ಗಾಡೀಲಿ ಹ್ಯಾಂಡ್ ಬ್ರೇಕು ಹಿಡಿಯೋದು ಚಕ್ರ ಅಲ್ಲ, ನಡುವಿನ ರಾಡು. ಕಾಲಿನ ಬ್ರೇಕೊಂದೇ ಗತಿ.”

ಬೆಟ್ಟದ ರಸ್ತೆಯ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಆ ಇಳಿಜಾರಿನಲ್ಲಿ ಬರೀ ಕಾಲಿನ ಬ್ರೇಕನ್ನು ನಂಬಿದರೆ ಏನಾಗುತ್ತದೆ ಅಂತ ಹಿಂದೆ ಕೂತ ನಮಗೆಲ್ಲ ಗೊತ್ತಿತ್ತು. ಆದರೂ ಮರುದಿನ ಹತ್ತಿದೆವು. ಕೂಲಿಗೆ ಹೋಗದಿದ್ದರೆ ನಡೆಯುವ ಹಾಗಿರಲಿಲ್ಲ.

ಭಾನುವಾರ ಬರುವ ಮುಂಚೆಯೇ ಕೂಗು ನಿಂತುಹೋಯಿತು. ಬೆಟ್ಟದ ತುದಿಯಿಂದ ಊರಿನ ತನಕ ಗಾಡಿ ಬೆಕ್ಕಿನ ಹಾಗೆ ಇಳಿಯಿತು. “ನಾ ಹೇಳ್ಲಿಲ್ವಾ ಬಾವಾ, ತೇಯ್ದು ಕೂತ್ಕೊಂಡ್ತು!” ಅಂತ ಮಾಮ ಕುಣಿದ. ಅಪ್ಪ ಬಿಚ್ಚುವ ಮಾತು ಬಿಟ್ಟ. ಮನುಷ್ಯನಿಗೆ ಬೇಕಾದ ಸುದ್ದಿ ಬಂದರೆ ಮೇಲೆ ಪ್ರಶ್ನೆ ಕೇಳುವುದಿಲ್ಲ. ಅಪ್ಪನೂ ಕೇಳಲಿಲ್ಲ.

ಆಮೇಲೊಂದು ಮಧ್ಯಾಹ್ನ ಬೆಟ್ಟದ ಮೇಲೆ ಕೆಲಸ ಮುಗಿಸಿ ಬಂದಾಗ ಜಡಿಮಳೆ. ನೆನೆಯಬಾರದು ಅಂತ, ಅಪ್ಪ ತೋಟದ ಮೂಟೆ ಸಾಗಿಸಿ ಆಗ ತಾನೇ ತಂದು ನಿಲ್ಲಿಸಿದ್ದ ಗಾಡಿಯ ಅಡಿಗೆ ನುಸುಳಿದೆ. ಆ ಉಂಡೆಯಿಂದ ಬಿಸಿ ಬರುತ್ತಿತ್ತು, ಜೊತೆಗೆ ತಳ ಹಿಡಿದ ಪಾಯಸದ ವಾಸನೆ.

“ಅವ್ವಾ, ಇಲ್ಲಿ ಪಾಯಸ ಸೀದೋಗೈತೆ.”

ಅವ್ವ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ನಾವು ಬಾಳೆತೋಟದ ನಡುವೆ ಹುಟ್ಟಿದವರು. ಕಾಯಿ, ಹಣ್ಣು, ಕೊಳೆತದ್ದು, ಮೂಗಿಗೇ ಗೊತ್ತಾಗುತ್ತದೆ. ಎದ್ದು ಎಲ್ಲರನ್ನೂ ನೋಡಿದಳು. “ಇವತ್ತು ಯಾರು ಬಾಳೆಹಣ್ಣು ತಂದೋರು?”

ಯಾರೂ ತಂದಿರಲಿಲ್ಲ. ಮಾಮ ಎದುರಿನ ಬೆಟ್ಟ ನೋಡುತ್ತಾ ನಿಂತಿದ್ದ.

ಅಪ್ಪ ಸ್ಪ್ಯಾನರ್ ತಂದು ಉಂಡೆಯ ಪಕ್ಕದ ಬಿರಡೆ ಬಿಚ್ಚಿ ಬೆರಳು ಹಾಕಿದ. ಬಂದದ್ದು ಎಣ್ಣೆಯಲ್ಲ, ಕರಿ ಅಂಬಲಿ. ಅದರಲ್ಲಿ ನಾರು. ಬೆರಳು ಉಜ್ಜಿ ಬೆಳಕಿಗೆ ಹಿಡಿದರೆ ಕಬ್ಬಿಣದ ಚೂರು ಮಿಣಮಿಣ ಅಂತಿತ್ತು.

“ಲಾರಿ ಮಾರೋವಾಗ ಎಲ್ಲಾರೂ ಹಾಕ್ತಾರೆ ಬಾವಾ,” ಅಂದ ಮಾಮ. “ಸದ್ದು ನಿಲ್ತದೆ.”

“ಸದ್ದು ನಿಲ್ತದೆ. ಹಲ್ಲು?”

ಅಪ್ಪ ಕುತ್ತಿಗೆಪಟ್ಟಿ ಹಿಡಿದ ಮೇಲೆ ಮಾಮ ಬಾಯಿ ಬಿಟ್ಟ. ದೊಡ್ಡ ಗೇರು ಒಂದು ಜೋಡಿಯದು, ಚಿಕ್ಕದು ಇನ್ನೊಂದು ಜೋಡಿಯದು. ಅವು ಹುಟ್ಟಿನಿಂದಲೇ ಜೊತೆಯಾಗಿ ಬರಬೇಕು. ಸಿಕ್ಕಿದ್ದನ್ನು ತಂದು ಕೂರಿಸಿದ್ದ. ಬಿಚ್ಚಿದರೆ ತನ್ನ ಬಣ್ಣ ಬಯಲಾಗುತ್ತದೆ ಅಂತ ಹಣ್ಣು ತುರುಕಿದ್ದ.

ಅಪ್ಪನ ಸಿಟ್ಟು ಎಲ್ಲಿಗೆ ತಿರುಗಬೇಕೋ ತಿಳಿಯದೆ ನಮ್ಮ ಕಡೆಗೇ ತಿರುಗಿತು. “ಏನ್ ನೋಡ್ತೀರಾ? ಮೆಲ್ಲಗೆ ಇಳಿಸ್ತೀನಿ. ಹತ್ತಿ ಎಲ್ಲಾ!” ಹೋಗಿ ಎಂಜಿನ್ ಶುರು ಮಾಡಿದ.

ಹೆಂಗಸರು ಅವ್ವನ ಮುಖ ನೋಡಿದರು. ವೀರಮ್ಮತ್ತೆಯ ಒಂದು ಕಾಲು ಆಗಲೇ ಗಾಡಿಯ ಮೇಲಿತ್ತು. ಅವ್ವ ಗಂಡನ ಜೊತೆ ವಾದಕ್ಕೆ ಹೋಗಲಿಲ್ಲ. ತಮ್ಮನ ಹತ್ತಿರ ಹೋದಳು.

“ತಂಬೀ, ನೀ ಮೊದ್ಲು ಹತ್ತು ಕಂದಾ. ನಡುವೆ ಕೂತ್ಕೋ. ನಿನ್ ಸುತ್ತ ನಾವು ಕೂತ್ಕೋತೀವಿ.”

ಮಾಮ ಗಾಡಿ ನೋಡಿದ. ರಸ್ತೆ ನೋಡಿದ. ಮಳೆನೀರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

“ನೀವೋಗಿ ಅಕ್ಕಾ... ನಾ ಅಡ್ಡದಾರೀಲಿ ನಡ್ಕೊಂಡ್ ಬರ್ತೀನಿ.”

ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನನ್ನೇ ನೋಡಿದ. ಆಮೇಲೆ ಎಂಜಿನ್ ಆರಿಸಿ, ಇಳಿದು, ಚಕ್ರಗಳಿಗೆ ಕಲ್ಲು ಕೊಟ್ಟ. ವೀರಮ್ಮತ್ತೆ ಕಾಲು ಇಳಿಸಿ “ನಡೀರಮ್ಮ” ಅಂದಳು. ಜಾರುವ ಕಾಲುದಾರಿಯಲ್ಲಿ, ಜಿಗಣೆ ಕಿತ್ತುಕೊಳ್ಳುತ್ತಾ, ಎಲ್ಲರೂ ಕೆಳಗೆ ನಡೆದೆವು. ಅಪ್ಪನೂ. ಆಮೇಲೆ ಬಿಚ್ಚಿದಾಗ ಚಿಕ್ಕ ಗೇರಿನ ಹಲ್ಲೊಂದು ಬುಡದಲ್ಲೇ ಸೀಳಿತ್ತು, ಅಂಟಿಕೊಂಡಿತ್ತು ಅಷ್ಟೇ. ಕಲ್ಲು ಕೊಟ್ಟ ಗಾಡಿ ಬೆಟ್ಟದ ಮೇಲೆ ಸುಮ್ಮನೆ ನಿಂತದ್ದನ್ನು ಕಂಡವರು ಪೀಡೆಯ ಕಥೆ ಕಟ್ಟಿದರು.

ಅವ್ವ ತಮ್ಮನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸರಿಹೋಗುತ್ತಿತ್ತು. ಅವನು ದಿಂಡಿಗಲ್ಲಿಗೆ ಹೋದ. ಮದುವೆ ಮುಂಜಿಗೆ ನೆಂಟನ ಹಾಗೆ ಬಂದು, ಉಂಡು, ಹೋಗುತ್ತಿದ್ದ. ಅವರಿಬ್ಬರೂ ಅಡುಗೆಮನೆಯಲ್ಲಿ ಕೂತು ಒಬ್ಬರನ್ನೊಬ್ಬರು ಹಂಗಿಸಿ ನಗುತ್ತಿದ್ದ ನಗು ಮತ್ತೆ ನಮ್ಮ ಮನೆಯಲ್ಲಿ ಕೇಳಲಿಲ್ಲ. ಈಗ ನನ್ನ ಮೊಮ್ಮಗನ ಹತ್ತಿರ ದ್ರಾಕ್ಷಿ ಸಾಗಿಸುವ ಪಿಕಪ್ ಇದೆ. ಮೊನ್ನೆ ಅದಕ್ಕೂ ಡೂಪ್ಲಿಕೇಟ್ ಗೇರು ಹಾಕಿಸಿದ, ಅದೂ ಕೂಗಿತು. ಫೋನಿನಲ್ಲಿ ಸದ್ದು ಹಿಡಿದು ಮೆಕ್ಯಾನಿಕ್ಕಿಗೆ ಕಳಿಸಿದ. ನಾ ಕೇಳಲಾ ಅಂದರೆ, “ನಿಂಗ್ಯಾಕಜ್ಜಿ” ಅಂತ ಗಾಜು ಏರಿಸಿ ಹಾಡು ಹಾಕಿಕೊಂಡ. ಅವನ ಗಾಡಿಯ ಹಿಂದೆ ಮನುಷ್ಯರು ಕೂರುವುದಿಲ್ಲ, ದ್ರಾಕ್ಷಿ ಕೂರುತ್ತದೆ. ಇರಲಿ.

ಬೆಟ್ಟದಿಂದ ನಡೆದು ಬಂದ ಮರುದಿನ ಬೆಳಿಗ್ಗೆ ಅವ್ವನ ಕಾಲು ಬಾತು ಏಳಲಾಗಲಿಲ್ಲ. ಗಂಜಿ ಕಟ್ಟಿಕೊಂಡು ನಾನೊಬ್ಬಳೇ ಹೊರಟೆ. ಬೀದಿಯಲ್ಲಿ ಬೇರೆ ಊರಿನ ಪಿಕಪ್ ನಿಂತಿತ್ತು. ಹೆಂಗಸರು ಜಾಗಕ್ಕೆ ನುಗ್ಗುತ್ತಿದ್ದರು. ನಾನು ಡ್ರೈವರಿನ ಕಿಟಕಿಯ ಹತ್ತಿರ ಹೋಗಿ ಕೇಳಿದೆ:

“ಅಣ್ಣಾ, ನಿಮ್ಮನೆಯೋರು ಯಾರಾದ್ರೂ ಈ ಗಾಡೀಲಿ ಬರ್ತಾರಾ?”

“ಏನ್ ಪಾಪಾ ಇಂಥ ಪ್ರಶ್ನೆ! ನಮ್ಮಮ್ಮ ಹಿಂದೆ ಕೂತವ್ಳೆ, ಹೋಗಿ ನೋಡು.”

ಹೋಗಿ ನೋಡಿದೆ. “ನೀವು ಇವ್ರಮ್ಮನಾ?” ಅಂತ ಆ ಮುದುಕಿಯನ್ನೇ ಕೇಳಿದೆ. ಹೌದು ಅಂದಳು. ಹತ್ತಿ ಅವಳ ಪಕ್ಕ ಕೂತೆ.