ಫ್ಲಾಪಿಗೆ ಹಚ್ಚಿದ ಕುಂಕುಮ

ಮೊನ್ನೆ ಮಹಾನವಮಿಗೆ ಆಯುಧ ಪೂಜೆ, ನಮ್ಮ ಕಡೆಯ ಖಂಡೆ ಪೂಜೆಯ ದಿನ ಮೊಮ್ಮಗಳು ತನ್ನ ಲ್ಯಾಪ್‌ಟಾಪಿಗೆ ಹಚ್ಚಲು ಕುಂಕುಮದಲ್ಲಿ ಬೆರಳು ಅದ್ದಿದಳು. ಗಪ್ಪನೆ ಅವಳ ಕೈ ಹಿಡಿದುಬಿಟ್ಟೆ. ಒದ್ದೆ ಕುಂಕುಮದ ವಾಸನೆ ಮೂಗಿಗೆ ಬಡಿದಿತ್ತು, ಅದರ ಹಿಂದೆಯೇ ಆಪಾಳ ನೆನಪು...

ಎಂಬತ್ತರ ದಶಕದಲ್ಲಿ ಬೆಳಗಾವಿಯ ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದಾಗ ಅದನ್ನು ನಡೆಸಲು ಬಂದವಳು ಆಕೆ, ಮುಸ್ಲಿಂ ಹೆಣ್ಣುಮಗಳು; ಅಕ್ಕ ಅನ್ನುವ ಹಾಗೆ ಎಲ್ಲರೂ ಆಪಾ ಅನ್ನುತ್ತಿದ್ದೆವು. ಖಾನಾಪುರದಿಂದ ದಿನಾ ರೈಲಿಗೆ ಬರುತ್ತಿದ್ದಳು. ನಾನು ಬಾಜೂ ಮೇಜಿನ ಟೈಪಿಸ್ಟ್. ಆಕೆಯ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ದಸರಾ ಆಗಲಿ, ಮಾಡೋಣ ಎಂದು ಸಾಹೇಬ ಆಸೆ ಹಚ್ಚಿಟ್ಟಿದ್ದ. ಆಕೆಯ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಒಂದು ಕೂಸು. ಅದು ಗೊತ್ತಿದ್ದೇ ಆಟ ಆಡಿಸುತ್ತಿದ್ದ, ಆ ಮನುಷ್ಯ.

ಆ ಮಶೀನಿಗೆ ಹೊಸದೇನು ಜೋಡಿಸಿದರೂ ಅದನ್ನು ನಡೆಸುವ ಸಿಸ್ಟಮನ್ನೇ ಮತ್ತೆ ಕಟ್ಟಿ, ಬೇರೆ ಫ್ಲಾಪಿಗೆ ಇಳಿಸಿ, ಅದರಿಂದ ಮಶೀನನ್ನು ಎಬ್ಬಿಸಬೇಕಿತ್ತು. ಮೊದಲ ಸಲಕ್ಕೇ ಎದ್ದದ್ದನ್ನು ನಾನಂತೂ ನೋಡಿಲ್ಲ. ಏಳದಿದ್ದರೆ ಹಳೆಯ ಫ್ಲಾಪಿ ಹಾಕಿ ಎಬ್ಬಿಸಿ, ತಪ್ಪು ಹುಡುಕಿ, ಮತ್ತೆ ಕಟ್ಟುವುದು. ಹಳೆಯದರ ಇನ್ನೊಂದು ಪ್ರತಿ ಮಾಡಿಡಲು ಫ್ಲಾಪಿ ಕೇಳಿದರೆ ಸಾಹೇಬ, "ಇದ್ದದ್ದರಾಗ ಮುಗಸು" ಎನ್ನುತ್ತಿದ್ದ.

ಆ ವರ್ಷ ಹೊಸ ಪ್ರಿಂಟರ್ ಬಂತು. ಆಪಾ ನವಮಿಯ ಹಿಂದಿನ ದಿನ ಸಿಸ್ಟಮ್ ಕಟ್ಟಿಟ್ಟಳು, ಹಬ್ಬ ಮುಗಿದ ಮೇಲೆ ಎಬ್ಬಿಸುವುದೆಂದು. ಪೂಜೆಯ ಹೊತ್ತಿಗೆ ಸಾಹೇಬ ಹಳೆಯ ಫ್ಲಾಪಿಯನ್ನೇ ಕೇಳಿದ. "ಇದರಾಗ ಮಶೀನಿನ ಜೀವ ಐತಿ. ಇದಕ್ಕ ಹಚ್ಚಲಾರದ ಹೆಂಗ?" ಫ್ಲಾಪಿಯ ಒಳಗಿನ ತಟ್ಟೆ ಕಾಣುವ ತೆರೆದ ಕಿಂಡಿಯ ಮೇಲೇ ಒದ್ದೆ ಕುಂಕುಮ, ಮೇಲೊಂದು ಚಿಟಿಕೆ ಅರಿಶಿನ. ಆಪಾ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಆಮೇಲೆ ಹತ್ತಿಯಿಂದ ಒರೆಸುತ್ತ ನನಗೆ ಮೆಲ್ಲಗೆ ಹೇಳಿದಳು: "ನಾ ಬ್ಯಾಡ ಅಂದಿದ್ರ, ಪೂಜಿನ ಬ್ಯಾಡ ಅಂದ್ಲು ಅಂತಿದ್ರು. ನಮ್ಮಂಥವ್ರು ಹೆಂಗ ಹೇಳೂದು?"

ಹಬ್ಬ ಮುಗಿಯಿತು. ಹೊಸ ಸಿಸ್ಟಮ್ ಏಳಲಿಲ್ಲ. ಹಳೆಯ ಫ್ಲಾಪಿ ಹಾಕಿದರೆ ಒಳಗೆ ಕರಕರ ಕೆರೆಯುವ ಸದ್ದಷ್ಟೇ... ಆಫೀಸಿನ ಕೆಲಸವೆಲ್ಲ ನಿಂತಿತು. ಸಾಹೇಬ ಎಲ್ಲರನ್ನೂ ಕರೆದು ನಿಲ್ಲಿಸಿ ಆಪಾಳನ್ನು ಕೇಳಿದ:

"ಕೆಡತೈತಿ ಅಂತ ನಿನಗ ಗೊತ್ತಿತ್ತು. ಬಾಜೂಕ ನಿಂತಿದ್ದಿ. ಯಾಕ ಹೇಳಲಿಲ್ಲ? ಕೆಡ್ಲಿ ಅಂತ?"

ಯಾರೋ ಇಬ್ಬರು ಕಿಸಕ್ಕನೆ ನಕ್ಕರು.

"ಕುಂಕುಮ ಹಚ್ಚಿದವ್ರು ನೀವರಿ" ಎಂದೆ ನಾನು.

"ನಿನ್ನ ಕೇಳಿಲ್ಲ. ಟೈಪ್ ಮಾಡ ಹೋಗು."

ಆ ಮಧ್ಯಾಹ್ನವೇ ಆಪಾಳಿಗೆ ಬಾಗಿಲು ತೋರಿಸಿದ. ಪುಣೆಯ ಇಂಜಿನಿಯರ್ ಬಂದು ಮಶೀನ್ ಎಬ್ಬಿಸಿದ ದಿನ ಸಾಹೇಬ ಪೇಢೆ ಹಂಚಿದ. ನನ್ನ ಪಾಲಿನದನ್ನು ಕಸದ ಬುಟ್ಟಿಗೆ ಹಾಕಿದೆ. ಸಾಹೇಬನ ಮೇಲಿನ ಸಿಟ್ಟು ಈಗಲೂ ಆರಿಲ್ಲ, ಆರುವುದೂ ಬೇಡ.

ಈ ಸಲ ದಸರೆಗೆ ಹಂಚುವ ಬನ್ನಿ ಎಲೆ ಹಿಡಿದು ಖಾನಾಪುರಕ್ಕೆ ಹೋದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಆಪಾಳ ಮಗಳು ಬಾಗಿಲು ತೆಗೆದಳು. ನಾನು ಅದೇ ಆಫೀಸಿನ ಟೈಪಿಸ್ಟ್ ಎಂದೆ.

"ಅಮ್ಮೀ ತೀರಿಕೊಂಡು ಭಾಳ ದಿನ ಆತ್ರಿ. ಬರ್ರಿ, ಕುಂದರ್ರಿ."

ಚಹಾ ಕೊಟ್ಟು, ಎದುರಿಗೆ ಕೂತು, ಅವಳೇ ಕೇಳಿದಳು: "ಗೊತ್ತಿದ್ದೂ ಸುಮ್ಮ ನಿಂತು ಒಂದು ಮಶೀನ ಕೆಡಿಸೀನಿ ಅಂತಿದ್ಲರಿ, ಕಡೀತನಕ. ನನಗ ಕಂಪ್ಯೂಟರ್ ಕಲಿಯಾಕೂ ಬಿಡಲಿಲ್ಲ. ಖರೇ ಏನ್ರಿ ಅದು?"

"ಸುಳ್ಳವ್ವಾ" ಎಂದೆ. ಸಾಹೇಬನ ಮಾತನ್ನು ಆಪಾ ನಂಬಿಕೊಂಡೇ ಹೋಗಿದ್ದಳು.