ಗಾಡಿ ಮುಂದೆ ನಿಂತ ಮೆಕ್ಯಾನಿಕ್ಕು

ಕೆ.ಆರ್. ನಗರದಲ್ಲಿ ಒಬ್ಬ ಮೆಕ್ಯಾನಿಕ್ಕು ಇದ್ದ. ರಿಪೇರಿಗೆ ಬಂದ ಗಾಡಿಯನ್ನು ಮೊದಲು ಎಮ್ಮೆಯ ಬೆನ್ನು ಸವರಿದಂತೆ ಸವರುತ್ತಿದ್ದ. ಯಾರು ಅವಸರ ಮಾಡಿದರೂ ಒಂದೇ ಮಾತು: “ಆತುರ ನಿಮ್ಗೆ, ಗಾಡಿಗಲ್ಲ.”

ಮೊಮ್ಮಗಳ ಬೀಗರೂಟಕ್ಕೆ ಸಾಲಿಗ್ರಾಮಕ್ಕೆ ಹೊರಟಿದ್ದೆವು. ಟೀ ಕುಡಿಯಲು ಕೆ.ಆರ್. ನಗರದಲ್ಲಿ ನಿಲ್ಲಿಸಿದ ಮಗನ ಹಳೇ ಆಟೋಮ್ಯಾಟಿಕ್ ಕಾರು ಮತ್ತೆ ಸ್ಟಾರ್ಟ್ ಆಗಲಿಲ್ಲ. ಹಿರಿಯಳು ನಾನು ಹೋಗದೆ ಬೀಗರು ಎಲೆ ಹಾಕುವಂತಿರಲಿಲ್ಲ. ಈ ಮೆಕ್ಯಾನಿಕ್ಕನನ್ನು ಕರೆತಂದೆವು.

“ನ್ಯೂಟ್ರಲ್ ಸ್ವಿಚ್ಚು ಕೆಟ್ಟೋಯ್ತು ಕಣವ್ವ,” ಅಂದ. ಗೇರಿನಲ್ಲಿದ್ದಾಗ ಗಾಡಿ ಸ್ಟಾರ್ಟ್ ಆಗದಂತೆ ತಡೆಯುವುದು ಅದಂತೆ.

“ಸ್ವಿಚ್ಚೇ ಇಲ್ದಂಗೆ ವೈರ್ ಜಾಯಿಂಟ್ ಮಾಡಿ ಕಳ್ಸಣ್ಣ, ಸಾಕು,” ಅಂದ ಮಗ.

“ಗೇರಲ್ಲಿದ್ದಂಗೇ ಸ್ಟಾರ್ಟ್ ಆಗಿ ಬೀಗರ ಚಪ್ಪರಕ್ಕೆ ನುಗ್ಲಿ ಅಂತಲಾ? ಆತುರ ನಿಮ್ಗೆ, ಗಾಡಿಗಲ್ಲ.”

ಗುಜರಿಯಲ್ಲಿ ಹುಡುಕಿ ಬೇರೆ ಸ್ವಿಚ್ಚು ತಂದು ಹಾಕಿದ. ನ್ಯೂಟ್ರಲ್ಲಿನಲ್ಲಿ ಸ್ಟಾರ್ಟ್ ಮಾಡಿ ತೋರಿಸಿ ಆಫ್ ಮಾಡಿದ. ಆಮೇಲೆ ಮಗನಿಂದ ಗೇರು ಹಾಕಿಸಿ, ತಾನು ಗಾಡಿಯ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಯಾರ ಗಾಡಿಗೆ ಸ್ವಿಚ್ಚು ಹಾಕಿದರೂ ಅವನ ಪರೀಕ್ಷೆ ಹೀಗೇ ಅಂತೆ.

“ಈಗ ಕೀ ತಿರುಗ್ಸಪ್ಪ!”

ಮಗ ಬ್ರೇಕು ಒತ್ತಿ ಹಿಡಿದ, ಆದರೆ ಕೈ ಕೀ ಹತ್ತಿರ ಹೋಗಲಿಲ್ಲ. “ಬ್ಯಾಡ ಬುಡಣ್ಣ, ಪಕ್ಕಕ್ಕೆ ಬಾ,” ಅಂದ. ಪಕ್ಕದ ಸೀಟಿನಲ್ಲಿದ್ದ ನಾನೇ ಬಗ್ಗಿ ತಿರುಗಿಸಿಬಿಟ್ಟೆ. ಗಾಡಿ ಕಮಕ್ ಕಿಮಕ್ ಅನ್ನಲಿಲ್ಲ.

ಮೆಕ್ಯಾನಿಕ್ಕು ಹಲ್ಲು ಬಿಟ್ಟ. “ನೋಡ್ದಾ, ಅವ್ವಂಗೆ ನನ್ ಕೆಲ್ಸದ ಮ್ಯಾಲೆ ಏಟು ನಂಬ್ಕೆ!”

“ನಂಬ್ಕೆ ಎಲ್ಲಿಂದ ಬಂತ್ಲಾ?” ಅಂದೆ. “ಅಲ್ಲಿ ಬೀಗರ ಮನೇಲಿ ಮುದ್ದೆ ಆರ್ತಾ ಅದೆ. ದಾರಿ ಬುಡು!”