ನೀರಿನ ಗಡಿಗೆಯ ಬುಡದಲ್ಲಿ ಕಡಲ ಹುಲ್ಲು

ಹಸಿ ಮರಳಿನ ವಾಸನೆ ಬಂದರೆ ಇಂದಿಗೂ ನನಗೆ ದಾಂಡೇಲಿಯ ನಮ್ಮ ಚಾಳಿನ ಮನೆ ನೆನಪಾಗುತ್ತದೆ. ಎರಡೇ ಖೋಲಿ. ಬೇಸಿಗೆಯಲ್ಲಿ ತಂಪು ಎಂದರೆ ಅಡಿಗೆ ಖೋಲಿಯ ದೇವರ ಜಗಲಿಯ ಪಕ್ಕ, ನೀರಿನ ಗಡಿಗೆ ಇಟ್ಟ ಮರಳು. ಅಷ್ಟಾದರೂ ಕೊಟ್ಟಿದ್ದನಲ್ಲ ಶಿವ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಮೈದುನ ಒಂದು ಮಧ್ಯಾಹ್ನ ಕಾರವಾರದಿಂದ ಬಂದ. ಕುಂಬಾರವಾಡದ ಹತ್ತಿರ ಬಸ್ಸು ಕೆಟ್ಟು, ಇಲ್ಲಿಂದ ಧಾರವಾಡಕ್ಕೆ ಹೋಗುವ ಬಸ್ಸು ತಪ್ಪಿತ್ತು; ಇನ್ನು ಮರುದಿನ ಮುಂಜಾನೆಯೇ. ಕೈಯಲ್ಲಿ ಗಾಜಿನ ಭರಣಿ, ಸಮುದ್ರದ ನೀರು, ಅದರಲ್ಲಿ ಹುಲ್ಲು. ಎಲೆಯ ತೊಟ್ಟುಗಳು ಅಲ್ಲಲ್ಲಿ ಗಂಟಿನಂತೆ ಉಬ್ಬಿದ್ದವು.

"ವೈನಿ, ಇದನ್ನ ಗಡಿಗಿ ಬುಡಕ ಇಡ್ರಿ. ಸೆಕಿಗೆ ಕೊಳತರ ನನ್ನ ಪರೀಕ್ಷಾಕ್ಕ ತೋರಸಾಕ ಏನೂ ಉಳಿಯೂದಿಲ್ಲ."

ಅತ್ತೆ ಅಡ್ಡ ಬಂದರು. "ಆ ಗಂಟಿನ್ಯಾಗ ಏನೈತಿ?"

"ಕಣ್ಣಿಗೆ ಕಾಣದ ಜೀವ, ಎವ್ವಾ. ಹುಲ್ಲಿನ ಒಳಗ ಕುಂತು ಅದರ ಅನ್ನಾನ ತಿಂತಾವು."

"ಪ್ರಾಣಿನೋ, ಬೂಷ್ಟೋ? ಬೂಷ್ಟಾದ್ರ ಇಡು. ಪ್ರಾಣಿ ಆದ್ರ ಮೀನ ತಂದಂಗಾತು, ಅಡಗಿ ಖೋಲ್ಯಾಗ ಬ್ಯಾಡ."

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಅವನಿಗೆ ಅದು ಬರುತ್ತಿರಲಿಲ್ಲ.

"ಪುಸ್ತಕದಾಗ ಬೂಷ್ಟಿನ ಸಾಲಿಗೆ ಹಾಕ್ಯಾರ. ಆದ್ರ ಸಣ್ಣಾವಿದ್ದಾಗ ಬಾಲಾ ಬಡಕೊಂತ ಈಸತಾವು. ಅದಕ್ಕ ಕೆಲವರು ಪ್ರಾಣಿ ಕಡೆ ಅಂತಾರ. ಇನ್ನೂ ತೀರ್ಮಾನ ಆಗಿಲ್ಲ."

"ಬೂಷ್ಟಿಗೆ ಬಾಲಾ ಎಲ್ಲೀದೋ!" ಎಂದ ಅತ್ತೆ ಭರಣಿಯನ್ನು ಹೊಸ್ತಿಲಾಚೆ ಇಡಿಸಿದರು. ಅಲ್ಲಿ ಕಟ್ಟೆ ಕಾದು ಹಂಚಾಗಿತ್ತು.

ಮೈದುನ ಮುಖ ಸಣ್ಣದು ಮಾಡಿಕೊಂಡು ಕುಳಿತ. ನಾನು ಮಜ್ಜಿಗೆ ಕೊಟ್ಟೆ, ಮತ್ತೇನು ಮಾಡಲಿ? ಕುಡಿಯುತ್ತ ಹೇಳಿದ: ಕೋಸಿನ ಬೇರು ಗಂಟುಗಟ್ಟಿಸುವ ರೋಗದ ಜೀವಿ ಇದರ ದಾಯಾದಿಯಂತೆ. ಯಾವ ಕಾಲದಲ್ಲೋ ಎರಡಕ್ಕೂ ಮೂಲ ಒಂದೇ. ಕವಲೊಡೆದು ಒಂದು ಹೊಲ ಹಿಡಿಯಿತು, ಒಂದು ಸಮುದ್ರ ಹಿಡಿಯಿತು. ಇದ್ದ ಜಾಗಕ್ಕೆ ತಕ್ಕಂತೆ ಬದಲಾದವು.

ಅತ್ತೆ ಅಕ್ಕಿ ಆರಿಸುವ ಕೈ ನಿಲ್ಲಿಸಿದರು. ನಮ್ಮ ಮನೆತನವೂ ಹಾಗೆಯೇ: ಮಾವನವರ ಅಣ್ಣಂದಿರು ನಮ್ಮ ಮೂಲ ಊರು ಸನವಳ್ಳಿಯ ಹೊಲದಲ್ಲಿ, ನಾವು ಇಲ್ಲಿ ಕಾಗದದ ಕಾರ್ಖಾನೆಯ ಬಾಗಿಲಲ್ಲಿ.

"ಕೋಸಿನ್ಯಾಗೂ ಇರತಾವೇನು?"

"ಬೇರಿನ್ಯಾಗ ಇರತಾವವ್ವಾ, ಇದರ ಮಂದಿನ."

"ಹಂಗಾರ ಕೋಸನ್ನೇನು ಹೊರಗ ಇಟ್ಟೇನಿ ನಾನು? ಒಳಗ ತೊಗೊಂಬಾ. ಬಾಲಾ ಬಡಕೊಂಡ್ರ ಬಡಕೊಳ್ಳಲಿ!"

ಮುಂಜಾನೆ ಹುಲ್ಲು ಹಸಿರಾಗಿಯೇ ಇತ್ತು. ಪೂಜೆ ಮುಗಿಸಿದ ಅತ್ತೆ ವಿಭೂತಿಯ ಕೈಯಿಂದಲೇ ಭರಣಿ ಎತ್ತಿಕೊಟ್ಟರು. ಮೈದುನ ಪಾಸಾದ.

ಆಮೇಲೆ ಅವನು ಬಂದಾಗಲೆಲ್ಲ ಅತ್ತೆ ಕೇಳುತ್ತಿದ್ದರು, "ನಿನ್ನ ಹುಲ್ಲಿನ ಮಂದಿ ಯಾವ ಪೈಕಿ ಅಂತ ತಿಳೀತೇನೋ?"

"ಇನ್ನೂ ಇಲ್ಲವ್ವಾ."

"ಹೋಗ್ಲಿ ಬಿಡು. ಕೋಸಿನ ಪೈಕಿ."